ಮುಚ್ಚಳ ತೆಗೆದ ಮೇಲೆ

ಸಾಯುವುದಲ್ಲ ಅದು.
ಸತ್ತರೆ ಪರದೆ ಕಪ್ಪಾಗುತ್ತದೆ, ಗೊತ್ತಾಗುತ್ತದೆ,
ಒಂದು ಉಸಿರು ಬಿಟ್ಟು ಎದ್ದು ಹೋಗಬಹುದು.
ಇದು ಕಣ್ಣು ತೆರೆದುಕೊಂಡೇ
ಗರ ಬಡಿದ ಹಾಗೆ ನಿಲ್ಲುತ್ತದೆ.
ಬಾಣದ ಗುರುತು ನಿಂತಲ್ಲಿಂದ ಕದಲುವುದಿಲ್ಲ.
ಶಿಝಾಳ ರೆಕಾರ್ಡು ಪಾಠದಲ್ಲಿ ಗಣಿತದ ಟೀಚರು
ಬಾಯಿ ಅರ್ಧ ತೆರೆದು
"ಆದ್ದರಿಂದ" ಎಂಬಲ್ಲೇ ಉಳಿದಿದ್ದಾರೆ.
ಮೂಲೆಯ ಗಡಿಯಾರ: ನಾಲ್ಕು ಹತ್ತು.
ಈಗ ಐದೂಕಾಲು.

ಮುಹರಕ್‌ನ ಈ ಮೂರನೇ ಮಾಳಿಗೆಯ ಹೊರಗೆ
ನಲವತ್ತಾರು ಡಿಗ್ರಿ.
ಇಡೀ ಬೀದಿಯಲ್ಲಿ ಹೆಪ್ಪುಗಟ್ಟುವುದು ಇದೊಂದೇ.
ನಾನು ಹದಿನಾಲ್ಕು ವರ್ಷದಿಂದ ಎ.ಸಿ. ರಿಪೇರಿಯವನು.
"ಊರಿಗೆಲ್ಲ ತಂಪು ಮಾಡುವವರ ಮನೆಯಲ್ಲಿ
ಇದಕ್ಕೊಂದಕ್ಕೆ ಎಂತ ಚಳಿ?"
ಮಿಸ್ರಿಯಾ ನಗುತ್ತಾಳೆ, ಒಲೆಯ ಹತ್ತಿರದಿಂದ.

ಕಂಪ್ರೆಸರ್ ಕೆಟ್ಟಾಗ ಬರೆಯುವ ಹಾಗೆ
ಹಾಲಿನಪುಡಿಯ ರಟ್ಟಿನ ಮೇಲೆ ಹೊತ್ತು ಬರೆದಿಟ್ಟೆ.
ಭಾನುವಾರ ನಾಲ್ಕು ಹತ್ತು.
ಸೋಮವಾರ ನಾಲ್ಕೂವರೆ, ರಾತ್ರಿ ಇನ್ನೊಮ್ಮೆ.
ಮಂಗಳವಾರ ಏನೂ ಆಗಲಿಲ್ಲ,
ಹೆದರಿಕೆಯಾದದ್ದು ಅವತ್ತೇ.

ದೋಹಾದಿಂದ ಭಾವ ತೌಸೀಫ್ ಫೋನಿನಲ್ಲೇ ನಾಡಿ ಹಿಡಿದ:
ವೈರಸ್ ಇರಬೇಕು.
ಅಲ್ಲವಾದರೆ ಹಾರ್ಡ್ ಡಿಸ್ಕ್.
ಅದೂ ಅಲ್ಲವಾದರೆ ಹೊಸತು ತಗೋ ಮಾರಾಯ.
ಮನಾಮಾದ ಅಂಗಡಿಯವ
ಬರೀ ಮುಚ್ಚಳ ತೆಗೆದು ನೋಡಲಿಕ್ಕೆ ಐದು ದಿನಾರ್ ಎಂದ.
ಮುಚ್ಚಳ ತೆಗೆಯಲು ನನಗೆ ಬಾರದೆ?

ಶುಕ್ರವಾರ ಜುಮಾ ಮುಗಿಸಿ, ಬಿರಿಯಾನಿ ಉಂಡು,
ಸುಪ್ರಾ ಹಾಸಿದ್ದ ಜಾಗದಲ್ಲೇ ಹಳೇ ಪೇಪರ್ ಹಾಸಿ
ಅದನ್ನು ಮಗ್ಗುಲಾಗಿ ಮಲಗಿಸಿದೆ.
ನಾಲ್ಕು ಸ್ಕ್ರೂ. ಒಂದರ ತಲೆ ಸವೆದಿತ್ತು.
ಒಳಗೆ ನೋಡಿದರೆ ಯಾ ಅಲ್ಲಾ,
ಹೊರಗಿನ ಮರಳು ಬಾಡಿಗೆ ಕೊಡದೆ ಸಂಸಾರ ಹೂಡಿದೆ!
ಶಮಾಲ್ ಗಾಳಿ ತಂದ ಹುಡಿ, ಅಕ್ಕಿಹಿಟ್ಟಿನಷ್ಟು ನಯ.
ಅದರ ಜೊತೆಗೆ ಕಾರ್ಪೆಟ್ಟಿನ ಜುಂಗು, ಮಿಸ್ರಿಯಾಳ ಕೂದಲು,
ಬಖೂರಿನ ಹೊಗೆ, ಮೀನು ಕರಿದ ಜಿಡ್ಡು,
ಎಲ್ಲ ಸೇರಿ ಫ್ಯಾನಿನ ರೆಕ್ಕೆಗಳಿಗೆ
ಒಂದು ಬೂದು ಕಂಬಳಿ ನೇಯ್ದಿದ್ದವು.
ಗುಡಿಸಿ ಎಸೆದೆವು ಎಂದುಕೊಂಡದ್ದೆಲ್ಲ
ಇಲ್ಲಿ ಬಂದು ಕೂತಿತ್ತು, ಬೆಚ್ಚಗೆ.

ಪೇಂಟಿನ ಬ್ರಶ್ಶಿನಿಂದ ಒರೆಸಿದೆ, ಬಾಯಿಯಿಂದ ಊದಿದೆ, ಕೆಮ್ಮಿದೆ.
ಪ್ರೊಸೆಸರಿನ ನೆತ್ತಿಯ ಪೇಸ್ಟು ಒಣಗಿ ಸುಣ್ಣದ ಹೆಕ್ಕಳೆ.
ಕೆರೆದು, ಹೊಸತನ್ನು ವೀಳ್ಯದೆಲೆಗೆ ಸವರುವಷ್ಟೇ ಸವರಿದೆ.
ಹೆಚ್ಚಾದರೆ ಬಾಯಿ ಸುಡುತ್ತದೆ;
ಅಜ್ಜಿ ಹೇಳಿದ್ದು, ಎಲೆಯ ವಿಷಯಕ್ಕೆ.

ರ್‍ಯಾಮ್ ಉಜ್ಜಲು ಶಿಝಾ ತನ್ನ ರಬ್ಬರ್ ಕೊಟ್ಟಳು,
ಸ್ಟ್ರಾಬೆರಿ ವಾಸನೆಯದ್ದು.
"ಅದರಲ್ಲೇ ಅಲ್ವಾ ಉಪ್ಪಾ ಅದರ ನೆನಪು ಇರುವುದು?
ಅಳಿಸಿ ಹೋದರೆ?"
ಕಿಲುಬು ಮಾತ್ರ ಅಳಿಸುತ್ತದೆ ಎಂದೆ.
ನನಗೂ ಪೂರ್ತಿ ಗೊತ್ತಿರಲಿಲ್ಲ.

ಗುಂಡಿ ಒತ್ತಿದರೆ ಮೂರು ಸಲ ಕೂಗಿತು, ಪರದೆ ಕುರುಡು.
ಆಫ್ ಮಾಡಿ, ಪಟ್ಟಿಯನ್ನು ಹೆಬ್ಬೆರಳಿನಿಂದ ಅದುಮಿದೆ,
ಟಕ್ ಎನ್ನುವವರೆಗೆ.
ಈ ಸಲ ಒಂದೇ ಕೂಗು.
ಬಂತು.

ಮೂವರೂ ಕಾದು ಕೂತೆವು, ನೋಂಬು ಬಿಡುವ ಹೊತ್ತಿಗೆ
ಬಾಂಗಿಗೆ ಕಿವಿಗೊಟ್ಟ ಹಾಗೆ.
ಪಡುವಣ ಕಿಟಕಿಯಿಂದ ಬಿಸಿಲು ಮೇಜು ಹತ್ತಿತು.
ನಾಲ್ಕು ಒಂಬತ್ತು.
ನಾಲ್ಕು ಹತ್ತು.
ಮಿಸ್ರಿಯಾಳ ಕೈಯ ಸುಲೈಮಾನಿ ಆರುತ್ತಿತ್ತು.
ನಾಲ್ಕು ಹನ್ನೊಂದು.
ಟೀಚರು ಬಾಯಿ ಮುಚ್ಚಿ, ಮತ್ತೆ ತೆರೆದು,
ಒಂದು ವಾರದ ಮಾತು ಮುಗಿಸಿದರು:
"ಆದ್ದರಿಂದ ಎಕ್ಸ್‌ನ ಬೆಲೆ ಏಳು."

ಏಳು. ಅಷ್ಟೇ.

ರಾತ್ರಿ ತೌಸೀಫ್ ಕೇಳಿದ, ಎಂತ ಆಗಿತ್ತು?
ಧೂಳೋ ಪೇಸ್ಟೋ ರಬ್ಬರೋ ಹೆಬ್ಬೆರಳೋ,
ಯಾವುದು ತಾಗಿತೆಂದು ನನಗೆ ಗೊತ್ತಿಲ್ಲ.
ಹದಿನಾಲ್ಕು ವರ್ಷ ಎಷ್ಟು ಮನೆಗಳಲ್ಲಿ
ಇದೇ ಪ್ರಶ್ನೆಗೆ, ಕೈ ಒರೆಸಿಕೊಳ್ಳುತ್ತ,
"ಗ್ಯಾಸ್ ಇಳಿದಿತ್ತು" ಎಂದಿದ್ದೇನೆ.
"ಧೂಳು" ಎಂದೆ, ಗಟ್ಟಿಯಾಗಿ.

ಮುಚ್ಚಳ ಇನ್ನೂ ಹಾಕಿಲ್ಲ.
ಪೇಪರ್ ಮಡಚುವಾಗ ಐದು ಸ್ಕ್ರೂ ಸಿಕ್ಕಿವೆ.